ಉಪ್ಪಿನ ಪಾತಿಯ ಮೇಲೊಂದು ಮೋಡ

ನಮ್ಮೂರಲ್ಲಿ ಮೇಲಿನ ಓಣಿಯವರ ತಲೆಯ ಮೇಲೆ ಒಂದೊಂದು ಮೋಡ ಇರುತ್ತದೆ. ದೊಡ್ಡದೇನಲ್ಲ, ಒಂದು ಜಮಖಾನೆಯಷ್ಟು ಅಗಲ, ಬೇವಿನ ಮರದಷ್ಟು ಎತ್ತರದಲ್ಲಿ. ಅವರು ನಡೆದರೆ ನಡೆಯುತ್ತದೆ, ನಿಂತರೆ ನಿಲ್ಲುತ್ತದೆ. ಅವರು ಮನೆಯೊಳಗೆ ಹೋದರೆ ಮಾಳಿಗೆಯ ಮೇಲೆ ಕಟ್ಟಿಹಾಕಿದ ಆಕಳಿನ ಹಾಗೆ ಕಾದುಕೊಂಡಿರುತ್ತದೆ. ಮೇಲಿನ ಓಣಿಯಲ್ಲಿ ಹುಟ್ಟಿದ ಕೂಸನ್ನು ಮೊದಲ ಸಲ ಅಂಗಳಕ್ಕೆ ತಂದಾಗ, ಅಕ್ಕಿ ತೊಳೆದ ನೀರಿನ ಬಣ್ಣದ ಸಣ್ಣ ಹೊಗೆಯೊಂದು ಎಲ್ಲಿಂದಲೋ ತೇಲಿ ಬಂದು ಅದರ ಮೇಲೆ ನಿಲ್ಲುತ್ತದೆ. ಹೆಂಗಸರು ಆರತಿ ಎತ್ತುತ್ತಾರೆ. ಕೂಸು ಬೆಳೆದಂತೆ ಮೋಡವೂ ಬೆಳೆಯುತ್ತದೆ. ಕೆಳಗಿನ ಓಣಿಯಲ್ಲಿ ಹುಟ್ಟಿದವರ ಮೇಲೆ ಬರೀ ಆಕಾಶ.

ಬಜಾರಿನಲ್ಲಿ ಮೇಲಿನ ಓಣಿಯವರು ಎದುರಾದರೆ ನಾವು ಅವರ ನೆರಳಿಗೆ ದಾರಿ ಬಿಟ್ಟು ನಿಲ್ಲುತ್ತಿದ್ದೆವು. ಹಾಗೆ ನಿಲ್ಲಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಗಿಡ್ಡ ಬಾಗಿಲಲ್ಲಿ ತಲೆ ತಾನಾಗಿ ಬಗ್ಗುವಂತೆ ಮೈ ತಾನಾಗಿ ಸರಿಯುತ್ತಿತ್ತು. ಇನ್ನೊಬ್ಬರ ನೆರಳಿನಲ್ಲಿ ನಿಲ್ಲುವುದು ಇನ್ನೊಬ್ಬರ ತಾಟಿನಿಂದ ತುತ್ತು ಎತ್ತಿದ ಹಾಗೆ ಅನ್ನುತ್ತಿದ್ದಳು ನಮ್ಮವ್ವ.

ನನ್ನ ಹೆಸರು ಕರೆವ್ವ. ಅಕ್ಕನ ಹೆಸರು ಸಾಂವಕ್ಕ. ನಾವಿಬ್ಬರೂ ಅಪ್ಪಾಸಾಹೇಬರ ಉಪ್ಪಿನ ಪಾತಿಗಳಲ್ಲಿ ದುಡಿಯುತ್ತಿದ್ದೆವು. ಊರ ಕೆಳಗೆ, ಹಿನ್ನೀರು ಮುಗಿಯುವಲ್ಲಿ, ಕಣ್ಣು ಹೋದಷ್ಟು ದೂರ ಬೆಳ್ಳಗೆ ಮಲಗಿದ್ದವು ಆ ಪಾತಿಗಳು. ತೂಬು ತೆಗೆದು ಉಪ್ಪುನೀರು ಬಿಟ್ಟರೆ ಬಿಸಿಲು ನೀರನ್ನು ಕುಡಿದು ಉಪ್ಪನ್ನು ನಮಗೆ ಬಿಡುತ್ತಿತ್ತು. ನಾವು ಉದ್ದ ಹಿಡಿಯ ಹಲಗೆಯಿಂದ ಅದನ್ನು ಬದುವಿಗೆ ಎಳೆದು ರಾಶಿ ಹಾಕುತ್ತಿದ್ದೆವು. ಬಿಸಿಲು ಮೇಲಿನಿಂದ ಒಂದು ಸಲ ಬಡಿದರೆ, ಉಪ್ಪಿನಿಂದ ಎದ್ದು ಕೆಳಗಿನಿಂದ ಇನ್ನೊಂದು ಸಲ ಬಡಿಯುತ್ತಿತ್ತು. ಕಣ್ಣು ಅರ್ಧ ಮುಚ್ಚಿಕೊಂಡು ಕೆಲಸ ಮಾಡುತ್ತಿದ್ದೆವು, ಅರ್ಧ ಮುಚ್ಚಿಕೊಂಡೇ ಮನೆಗೆ ಬರುತ್ತಿದ್ದೆವು. ನಮ್ಮ ಓಣಿಯ ಕೂಸುಗಳು ತಾಯಂದಿರ ಮುಖ ನೋಡಿ ನೋಡಿ, ಬಿಸಿಲು ಕಾಣುವ ಮೊದಲೇ ಕಣ್ಣು ಕಿರಿದು ಮಾಡಲು ಕಲಿಯುತ್ತಿದ್ದವು.

ಮೇಲಿನ ಓಣಿಯವರು ಪಾತಿಗೆ ಇಳಿಯುತ್ತಿರಲಿಲ್ಲ. ಅದಕ್ಕೊಂದು ಕಾರಣವೂ ಇತ್ತು. ಮೋಡದ ನೆರಳು ಬಿದ್ದ ಪಾತಿಯಲ್ಲಿ ಉಪ್ಪು ಕಟ್ಟುವುದಿಲ್ಲ. ಕಟ್ಟಿದ್ದೂ ಕರಗಿ ಮಜ್ಜಿಗೆಯಂತೆ ಮಂಕಾಗುತ್ತದೆ. ಹಾಗಾಗಿ ಮೇಸ್ತ್ರಿ ದುಂಡಪ್ಪ ದೊಡ್ಡ ಬದುವಿನ ತುದಿಯಲ್ಲಿ, ತನ್ನ ಮೋಡದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದ. ಅಲ್ಲಿಂದಲೇ "ಏ" ಎಂದು ಕೂಗುತ್ತಿದ್ದ. ಯಾರನ್ನು ಕೂಗಿದ ಎಂದು ತಿಳಿಯದೆ ನಾವೆಲ್ಲ ಒಟ್ಟಿಗೇ ತಲೆ ಎತ್ತುತ್ತಿದ್ದೆವು.

ಒಂದು ಬೇಸಿಗೆಯ ನಡುಹಗಲು ಹುಲಿಗೆವ್ವ ಬಿದ್ದಳು. ನಮ್ಮೆಲ್ಲರಿಗಿಂತ ಹಿರಿಯಳು. ನಮ್ಮವ್ವನಿಗೇ ಉಪ್ಪು ಎಳೆಯುವುದನ್ನು ಕಲಿಸಿದವಳು. ಹಲಗೆ ಎಳೆಯುತ್ತಿದ್ದವಳು ಏನೋ ನೆನಪಾದಂತೆ ನಿಂತಳು, ಆಮೇಲೆ ಮೆಲ್ಲಗೆ, ಹಾಸಿಗೆಯ ಮೇಲೆ ಮಲಗುವವಳ ಹಾಗೆ, ಉಪ್ಪಿನ ಮೇಲೆ ಒರಗಿದಳು. ದುಂಡಪ್ಪ ಎದ್ದು ಬದುವಿನ ಅಂಚಿನವರೆಗೆ ಬಂದು ನಿಂತ. "ಮುಖಕ್ಕ ನೀರ ಹೊಡೀರಿ, ಏಳತಾಳ" ಎಂದ. ಸಾಂವಕ್ಕ ಮುದುಕಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಬದುವಿನ ಮೇಲೆ, ದುಂಡಪ್ಪನ ಮೋಡದ ನೆರಳು ಬಿದ್ದಿದ್ದಲ್ಲಿ ಮಲಗಿಸಿದಳು. ದುಂಡಪ್ಪ ಹಿಂದಕ್ಕೆ ಸರಿದ. ಅವನ ಜೊತೆ ನೆರಳೂ ಸರಿಯಿತು. ಅವನು ಬೇಕೆಂದೇ ಸರಿದನೆಂದು ನಾನು ಹೇಳಲಾರೆ. ಕಾಲಿಗೆ ಏನೋ ತಾಗಿದಾಗ ಕಾಲು ಹಿಂದೆಳೆದುಕೊಳ್ಳುತ್ತೇವಲ್ಲ, ಹಾಗೆ ಸರಿದ. ಹುಲಿಗೆವ್ವನ ಮುಖ ಮತ್ತೆ ಬಿಸಿಲಿಗೆ ಬಿತ್ತು. ನಾವು ಅವಳ ಸುತ್ತ ನಿಂತು ಸೆರಗು ಹಿಡಿದೆವು.

ಅವಳು ಉಳಿದಳು. ಆದರೆ ಅಂದಿನಿಂದ ನಡುಹಗಲಾಯಿತೆಂದರೆ ಅವಳ ಕೈ ನಡುಗುತ್ತಿತ್ತು. ಅಪ್ಪಾಸಾಹೇಬರು ಪಾತಿ ನೋಡಲು ಬಂದ ದಿನ ಸಾಂವಕ್ಕ ಕೈಕಾಲು ತೊಳೆದು ಅವರ ಮುಂದೆ ಹೋಗಿ ನಿಂತಳು.

"ಸಾಹೇಬ್ರ, ನಡು ಮಧ್ಯಾಹ್ನದಾಗ ಒಂದೀಟು ಕೆಲಸ ಬಿಡಿಸಬೇಕ್ರಿ. ಬದುವಿನ ಮ್ಯಾಲ ಒಂದು ಚಪ್ಪರ ಹಾಕಿಸಿ ಕೊಡಬೇಕ್ರಿ. ಇಲ್ಲಂದ್ರ ಇನ್ನೊಬ್ಬಾಕಿ ಬೀಳತಾಳ, ಆಕಿ ಏಳೂದಿಲ್ಲ."

ಅಪ್ಪಾಸಾಹೇಬರು ದುಂಡಪ್ಪನ ಕಡೆ ತಿರುಗಿದರು. "ಏನಂತಾಳ ಆಕಿ?"

ಅಕ್ಕ ಹೇಳಿದ್ದನ್ನೇ ದುಂಡಪ್ಪ ಇನ್ನೊಮ್ಮೆ ಹೇಳಿದ. ಅವನ ಬಾಯಿಂದ ಬಂದ ಮೇಲೆ ಸಾಹೇಬರಿಗೆ ಕೇಳಿಸಿತು. ಕೆಟ್ಟ ಮನುಷ್ಯರಲ್ಲ ಅವರು, ದನಿ ಏರಿಸಿದವರೇ ಅಲ್ಲ. "ಅವರ ಮೈಗೆ ಬಿಸಿಲು ಒಗ್ಗೇದ ದುಂಡಪ್ಪ. ನಮಗಾದ್ರ ಬ್ಯಾರೆ ಮಾತು. ಚಪ್ಪರ ಹಾಕಿದ್ರ ನೆರಳು ಪಾತಿಗೆ ಬೀಳತದ. ಮುದುಕಿಗೆ ಬೆಲ್ಲ-ನೀರು ಕೊಡಸು" ಎಂದು ದುಂಡಪ್ಪನಿಗೆ ಹೇಳಿ ಹೊರಟರು. ಅವರ ಮೋಡ ಬದುವಿನ ಮೇಲೆ ತಣ್ಣಗೆ ಜಾರಿಕೊಂಡು ಹೋಯಿತು. ಅಕ್ಕ ತುಸು ಹೊತ್ತು ಅಲ್ಲೇ ನಿಂತಿದ್ದಳು. "ನಾ ಅಲ್ಲಿ ನಿಂತಿದ್ದೆ ಹೌದಲ್ಲ?" ಎಂದು ನನ್ನನ್ನು ಕೇಳಿದಳು, ನಿಜವಾಗಿಯೂ ಅನುಮಾನ ಬಂದವಳ ಹಾಗೆ.

ಅದಾದ ಸ್ವಲ್ಪ ದಿನಕ್ಕೆ ನನ್ನ ಮೋಡ ಬಂತು.

ಬೆಳಗಿನ ಹೊತ್ತು. ನಾನು ಹಲಗೆ ಎಳೆಯುತ್ತಿದ್ದೆ. ಇದ್ದಕ್ಕಿದ್ದಂತೆ ಕುತ್ತಿಗೆಯ ಹಿಂದೆ ಒದ್ದೆ ಬಟ್ಟೆ ಹಾಕಿದ ಹಾಗಾಯಿತು. ಉಪ್ಪಿನ ಮೇಲೆ ನನ್ನ ಸುತ್ತ ಒಂದು ನೀಲಿ ಬಣ್ಣ ಹರಡಿತು. ಯಾರೋ ಮೇಲಿನ ಓಣಿಯವರು ದಾರಿತಪ್ಪಿ ಪಾತಿಗೆ ಇಳಿದಿದ್ದಾರೆಂದು ಗಾಬರಿಯಾಗಿ ಪಕ್ಕಕ್ಕೆ ಸರಿದೆ. ನೀಲಿಯೂ ಸರಿಯಿತು. ಇನ್ನೊಂದು ಬದಿಗೆ ಸರಿದೆ. ಹಲಗೆ ಬಿಟ್ಟು ಬದುವಿನ ಕಡೆ ಓಡಿದೆ. ಓಡುತ್ತ ಓಡುತ್ತ ತಲೆ ಎತ್ತಿ ನೋಡಿದರೆ, ಅಕ್ಕಿ ತೊಳೆದ ನೀರಿನ ಬಣ್ಣದ್ದು, ಎಳೆಯದು, ಅಂಚು ಇನ್ನೂ ಗಟ್ಟಿಯಾಗದ್ದು, ನನ್ನ ಜೊತೆ ಓಡಿ ಬರುತ್ತಿತ್ತು. ಹೆಂಗಸರೆಲ್ಲ ಕೆಲಸ ನಿಲ್ಲಿಸಿದರು. ನೀರಿನಲ್ಲಿ ಉಪ್ಪು ಕಟ್ಟುವ ಚಿಟಿಚಿಟಿ ಸದ್ದು ಮಾತ್ರ ಕೇಳುತ್ತಿತ್ತು.

ದುಂಡಪ್ಪ "ಏ" ಎಂದು ಬಾಯಿ ತೆರೆದವನು ಅರ್ಧಕ್ಕೆ ನಿಲ್ಲಿಸಿದ. ಕುರ್ಚಿಯಿಂದ ಎದ್ದ. ಒಮ್ಮೆ ನನ್ನ ಮುಖ ನೋಡಿದ, ಒಮ್ಮೆ ಮೋಡ ನೋಡಿದ. ಆಮೇಲೆ ಅವನ ಕೈಗಳು ಅವನನ್ನು ಕೇಳದೆಯೇ ಜೋಡಿಕೊಂಡವು. "ಮ್ಯಾಲ ಬರ್ರಿ ತಾಯಿ" ಎಂದ. "ಪಾತ್ಯಾಗ ನಿಂದರಬ್ಯಾಡ್ರಿ, ಉಪ್ಪು ಕೆಡತೈತಿ. ಬರ್ರಿ, ಕುಂದರ್ರಿ." ತನ್ನ ಕುರ್ಚಿಯನ್ನೇ ಪಂಚೆಯ ತುದಿಯಿಂದ ಒರೆಸಿ ನನ್ನ ಮುಂದಿಟ್ಟ. ಹಿಂದಿನ ದಿನ ಇದೇ ಮನುಷ್ಯ ನನ್ನ ಹಲಗೆ ಮುರಿಯಿತೆಂದು ನನ್ನ ಹುಟ್ಟನ್ನೇ ಜಾಲಾಡಿದ್ದ. ನಾನು ಕುರ್ಚಿಯ ತುದಿಯಲ್ಲಿ ಕೂತೆ. ಕೂತರೆ ಏನು ಮಾಡಬೇಕೆಂದು ತಿಳಿಯದೆ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡೆ.

ಯಾಕೆ ಬಂತು, ನನಗೇ ಯಾಕೆ ಬಂತು ಎಂದು ಊರಲ್ಲಿ ಬಹಳ ಮಾತಾದವು. ನಮ್ಮಪ್ಪನ ಅಜ್ಜಿ ಮೇಲಿನ ಓಣಿಯ ಮನೆಯೊಂದರಲ್ಲಿ ಕಸಮುಸುರೆಗೆ ಇದ್ದವಳೆಂದು ಕೆಲವರು ಕಣ್ಣು ಮಿಟುಕಿಸಿದರು. ದೇವರು ಕಣ್ಣು ತೆರೆದ ಎಂದರು ಕೆಲವರು. ಮೋಡ ಮಾತ್ರ ಯಾರ ಮಾತಿಗೂ ಕಿವಿಗೊಡದೆ ನನ್ನ ಮೇಲೆ ನಿಂತಿತ್ತು.

ಅಪ್ಪಾಸಾಹೇಬರು ನನ್ನನ್ನು ಮನೆಗೆ ಕರೆಸಿದರು. ಇನ್ನು ಮೇಲೆ ಪಾತಿಯ ಕೆಲಸ ನನ್ನಿಂದ ಆಗುವಂತಿರಲಿಲ್ಲ. ತೂಕದ ಕಟ್ಟೆಯ ಹತ್ತಿರ ಕುರ್ಚಿಯಲ್ಲಿ ಕೂತು ಹೆಂಗಸರ ಮೇಲೆ ನಿಗಾ ಇಡಬೇಕು, ಅಷ್ಟೇ ಎಂದರು. ಮೇಲಿನ ಓಣಿಗೆ ನಾನು ಹೋದದ್ದು ಅದೇ ಮೊದಲು. ಅಲ್ಲಿ ಬೀದಿಯೆಲ್ಲ ನೆರಳು ನೆರಳನ್ನು ಮುಟ್ಟಿ ಒಂದೇ ದೊಡ್ಡ ಸಂಜೆಯಂತೆ ಇರುತ್ತದೆ. ಗೋಡೆಗಳ ಬುಡದಲ್ಲಿ ಹಸಿರು ಪಾಚಿ. ಅಲ್ಲಿಯ ಜನ ಕಣ್ಣು ಪೂರ್ತಿ ತೆರೆದು ನಡೆಯುತ್ತಾರೆ. ಯಾರನ್ನೋ ಕಂಡು ಅವರಿಗೆ ಅಚ್ಚರಿಯಾಗಿದೆ ಎಂದು ನಾನು ಮೊದಲು ತಿಳಿದೆ. ಆಮೇಲೆ ಗೊತ್ತಾಯಿತು, ಅವರ ಕಣ್ಣು ಇರುವುದೇ ಹಾಗೆ.

ಸುಳ್ಳು ಯಾಕೆ ಹೇಳಲಿ, ಆ ನೆರಳು ನನಗೆ ಹಿತವಾಗಿತ್ತು. ಹುಬ್ಬುಗಳ ನಡುವಿನ ಗಂಟು ಬಿಚ್ಚಿಕೊಂಡಿತು. ದೂರ ಎನ್ನುವುದು ಹೇಗಿರುತ್ತದೆಂದು ಆಗ ನೋಡಿದೆ. ಹಿನ್ನೀರಿನ ಆಚೆ ತೆಂಗಿನ ಸಾಲು, ಅದರಾಚೆ ಒಂದು ಕಪ್ಪು ಗುಡ್ಡ. ಹುಟ್ಟಿದಾಗಿನಿಂದ ಅದರ ಎದುರಿಗೇ ದುಡಿದಿದ್ದರೂ ಆ ಗುಡ್ಡವನ್ನು ನಾನು ಕಂಡೇ ಇರಲಿಲ್ಲ. ತುಟಿಯ ಬಿರುಕು ಕೂಡಿಕೊಂಡಿತು. ಅಂಗಡಿಯವನು ಸಾಮಾನು ಕೈಗೆ ಕೊಟ್ಟ, ನೆಲದ ಮೇಲೆ ಇಡಲಿಲ್ಲ. ಬಜಾರಿನಲ್ಲಿ ನಮ್ಮ ಓಣಿಯ ಗಂಡಸೊಬ್ಬ ನಾನು ಬರುವುದನ್ನು ಕಂಡು ನನ್ನ ನೆರಳಿಗೆ ದಾರಿ ಬಿಟ್ಟು ನಿಂತ. ಗುರುತು ಸಿಕ್ಕ ಮೇಲೂ ಅವನು ಸರಿದ ಜಾಗದಿಂದ ಮರಳಿ ಬರಲಿಲ್ಲ, ನಾಚಿಕೊಂಡು ನೆಲ ನೋಡಿದ. ನನಗೂ ಅವನ ಹೆಸರು ಹಿಡಿದು ಮಾತಾಡಿಸಲು ಬಾಯಿ ಬರಲಿಲ್ಲ.

ಅಪ್ಪಾಸಾಹೇಬರ ಹೆಂಡತಿ ಸುಶೀಲಾಬಾಯಿಯವರಿಗೆ ನನ್ನ ಮೇಲೆ ಒಂದು ನಮೂನೆಯ ಅಕ್ಕರೆ ಹುಟ್ಟಿತು. ಹೊತ್ತು ಏರಿದ ಮೇಲೆ ನನ್ನನ್ನು ಹಿತ್ತಲಿನ ಕಟ್ಟೆಗೆ ಕರೆದು ಚಹಾ ಕೊಡುತ್ತಿದ್ದರು. "ಕರೆವ್ವ ಅಂತ ಹೆಸರು ಯಾರಿಟ್ರು ನಿಮಗ? ಇನ್ನ ಅದು ಬ್ಯಾಡ. ಗೌರಿ ಅಂತ ಕರೀತೇನಿ, ಆಗಬಹುದಲ್ಲ?" ಎಂದರು. ನಾನು ತಲೆ ಅಲ್ಲಾಡಿಸಿದೆ. ಹೌದೆಂದು ಅಲ್ಲಾಡಿಸಿದೆನೋ ಬೇಡವೆಂದೋ ನನಗೇ ತಿಳಿಯಲಿಲ್ಲ. ಅಂದಿನಿಂದ ಆ ಮನೆಯಲ್ಲಿ ನಾನು ಗೌರಿಯಾದೆ. ಒಮ್ಮೆ ಅವರು ಬಸಿಯಲ್ಲಿ ಚಹಾ ಆರಿಸುತ್ತ ಕೇಳಿದರು, "ಗೌರಿ, ಬಿಸಿಲು ಹೆಂಗಿರತದ?"

ತಮಾಷೆಗೆ ಕೇಳಿದ್ದಲ್ಲ. ಅವರಿಗೆ ನಿಜವಾಗಿ ಗೊತ್ತಿರಲಿಲ್ಲ.

ನಾನು ಯೋಚಿಸಿದೆ. "ಒಲಿ ಮುಂದ ಕುಂತು ರೊಟ್ಟಿ ಬಡೀತೀರಿ ಅಂತ ತಿಳೀರಿ ಬಾಯಾರ. ಎದ್ದು ಹೋಗಾಕ ಬಾಗಿಲಾನ ಇಲ್ಲ. ಹಂಗಿರತೈತ್ರಿ."

"ಮತ್ತ ಅವರು ಹಾಡು ಹೇಳಕೋತ ಕೆಲಸ ಮಾಡತಾರ, ನಾ ಮಾಳಿಗಿ ಮ್ಯಾಲಿಂದ ಕೇಳೇನಿ. ಖುಷೀಲೆ ಇರತಾರ ಅಂತ ತಿಳಿದಿದ್ದೆ."

"ಹಾಡು ನಿಂತ್ರ ಯಾರೋ ಬಿದ್ದಾರ ಅಂತ ಗೊತ್ತಾಗತೈತ್ರಿ. ಅದಕ್ಕ ಹಾಡತೇವಿ."

ಸುಶೀಲಾಬಾಯಿ ಬಸಿ ಕೆಳಗಿಟ್ಟರು. ಆಮೇಲೆ ಬೇರೆ ಯಾವುದೋ ಮಾತು ತೆಗೆದರು. ಅವರಿಗೆ ಅದಕ್ಕಿಂತ ಮುಂದೆ ಹೋಗಲು ದಾರಿ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಸಂಜೆ ನಾನು ನಮ್ಮ ಮನೆಗೇ ಬರುತ್ತಿದ್ದೆ. ಆದರೆ ಅಲ್ಲಿಯೂ ಮೊದಲಿನಂತೆ ಇರಲಿಲ್ಲ. ನಾನು ಅಂಗಳದಲ್ಲಿ ನಿಂತರೆ ಅಕ್ಕಪಕ್ಕದವರು ಒಣಹಾಕಿದ ಸಂಡಿಗೆಯನ್ನು ಸದ್ದಿಲ್ಲದೆ ಎತ್ತಿ ಬೇರೆ ಕಡೆ ಹಾಕುತ್ತಿದ್ದರು. ಮಕ್ಕಳು ನನ್ನ ನೆರಳಿಗೆ ನುಗ್ಗಿ ಆಡುತ್ತಿದ್ದವು. ತಾಯಂದಿರು ಅವನ್ನು ಎಳೆದುಕೊಂಡು ಹೋಗುತ್ತಿದ್ದರು. "ಸಿಟ್ಟಾಗಬ್ಯಾಡ ಕರೆವ್ವ, ರೂಢಿ ತಪ್ಪತೈತಿ, ನಾಳೆ ಪಾತಿಗೆ ಇಳಿಯೂ ಹುಡುಗ್ರು" ಎನ್ನುತ್ತಿದ್ದರು. ಒಂದು ರಜೆಯ ದಿನ ಅಕ್ಕ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ನಾನು ಹೋಗಿ ಅವಳ ಪಕ್ಕ ನಿಂತೆ, ನೆರಳು ಅವಳ ಮೇಲೂ ಬೀಳುವಂತೆ. ಅವಳ ಬೆನ್ನು ಸೆಟೆಯಿತು. ಒಗೆಯುವುದನ್ನು ನಿಲ್ಲಿಸಿದಳು.

"ಏನ್ ಮಾಡಾಕತ್ತಿ?"

"ತಂಪಾಗಲಿ ಅಂತ ಯಕ್ಕಾ."

"ನಾಳೆ ಪಾತ್ಯಾಗೂ ಬಂದು ನಿಂದರತಿ? ನನ್ನ ಮ್ಯಾಲ ನಿಂತ್ರ ಹುಲಿಗೆವ್ವನ ಮ್ಯಾಲ ಯಾರು ನಿಂದರತಾರ? ನಿನ್ನ ನೆರಳಿನಾಗ ಎಷ್ಟ ಮಂದಿ ಹಿಡಿಸ್ತೇವಿ ಕರೆವ್ವ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ನೀ ಕೊಟ್ಟಾಗ ತಂಪು, ನೀ ಎದ್ದು ಹೋದಾಗ ಸುಡೂದು. ಅದು ನನಗ ಬ್ಯಾಡ. ಅದಕ್ಕಿಂತ ಚಪ್ಪರ ಚಲೋ. ಅದು ಯಾರ ಜೋಡಿನೂ ಎದ್ದು ಹೋಗೂದಿಲ್ಲ."

ನಾನು ಹಿತ್ತಲಿನ ಆಚೆ ತುದಿಗೆ ಹೋಗಿ ನಿಂತೆ. ಅಕ್ಕ ಮತ್ತೆ ಒಗೆಯತೊಡಗಿದಳು. ಬಟ್ಟೆ ಹಿಂಡುವಾಗ ಅವಳು ಅತ್ತಳೋ, ಬೆವರು ಒರೆಸಿಕೊಂಡಳೋ, ನನ್ನ ತೆರೆದ ಕಣ್ಣಿಗೂ ತಿಳಿಯಲಿಲ್ಲ.

ಬೇಸಿಗೆ ಇನ್ನೂ ಬಲಿಯಿತು. ಹಾಡು ಆಗಾಗ ನಿಲ್ಲತೊಡಗಿತು. ಹೆಂಗಸರು ಗೊಣಗುತ್ತಿದ್ದಾರೆ, ಕೆಲಸ ಬಿಟ್ಟು ಕೂರುವ ಮಾತಾಡುತ್ತಿದ್ದಾರೆ ಎಂಬ ಸುದ್ದಿಯನ್ನು ದುಂಡಪ್ಪ ಮೇಲಿನ ಓಣಿಗೆ ಮುಟ್ಟಿಸಿದ. ಅಪ್ಪಾಸಾಹೇಬರು ನನ್ನನ್ನು ಕರೆಸಿ ಎದುರಿಗೆ ಕೂರಿಸಿಕೊಂಡರು.

"ನೋಡು ಗೌರಿ, ನೀನ ಅವರಿಗೆ ಒಂದು ಮಾತು ಹೇಳಬೇಕು. ನಿನ್ನ ಮಾತು ಕೇಳತಾರ. ಚೊಲೋತ್ನಂಗ ದುಡದ್ರ, ಕಿರಿಕಿರಿ ಮಾಡದ ಇದ್ರ, ಅವರಿಗೂ ಒಂದಿನ ಮೋಡ ಬರತದ, ನಿನಗ ಬಂದಂಗ. ನಿನ್ನ ನೋಡಿದ್ರ ಅವರಿಗೆ ಧೈರ್ಯ ಬರತದ." ಅವರು ಇದನ್ನು ನಂಬಿಯೇ ಹೇಳುತ್ತಿದ್ದರೆಂದು ನನಗನ್ನಿಸಿತು. ತಮ್ಮ ಮೋಡವೂ ಯಾವುದೋ ಒಳ್ಳೆಯ ಕೆಲಸಕ್ಕೆ ಬಂದದ್ದೆಂದು ಅವರು ಬಹುಶಃ ಎಂದಿನಿಂದಲೋ ತಿಳಿದುಕೊಂಡಿದ್ದರು. ತೊಟ್ಟಿಲಲ್ಲಿ ಮಲಗಿದ್ದ ಕೂಸು ಯಾವ ಕೆಲಸ ಮಾಡಿತ್ತು ಎಂದು ಕೇಳುವುದು ನನ್ನ ನಾಲಿಗೆಯ ತುದಿಗೆ ಬಂದು ಹೋಯಿತು.

ಮರುದಿನ ನಾನು ದೊಡ್ಡ ಬದುವಿನ ಮೇಲೆ ಹೋಗಿ ನಿಂತೆ. ಪಕ್ಕದಲ್ಲಿ ದುಂಡಪ್ಪ. ಹೆಂಗಸರನ್ನೆಲ್ಲ ಕೂಗಿ ಬದುವಿನ ಕೆಳಗೆ ನಿಲ್ಲಿಸಿದ. ಅಷ್ಟೆತ್ತರದಿಂದ ನಮ್ಮವರನ್ನು ನಾನು ನೋಡಿರಲೇ ಇಲ್ಲ. ಬಿಳಿ ಉಪ್ಪಿನ ಮೇಲೆ ಕಪ್ಪು ಮುಖಗಳು, ಎಲ್ಲವೂ ಮೇಲಕ್ಕೆತ್ತಿ, ಎಲ್ಲ ಕಣ್ಣುಗಳೂ ಅರ್ಧ ಮುಚ್ಚಿ. ಅವರಿಗೆ ನಾನು ಸರಿಯಾಗಿ ಕಾಣುತ್ತಲೂ ಇರಲಿಲ್ಲ, ನನ್ನ ಸುತ್ತಲಿನ ಬೆಳಕೇ ಅವರ ಕಣ್ಣು ಕುಕ್ಕುತ್ತಿತ್ತು. ನಾನು ಹೇಳಬೇಕಾದ್ದನ್ನು ಹೇಳಿದೆ. ಒಂದೇ ಉಸಿರಿಗೆ, ಶಾಲೆಯಲ್ಲಿ ಪದ್ಯ ಒಪ್ಪಿಸಿದ ಹಾಗೆ. "ಚಲೋ ದುಡದ್ರ ನಿಮಗೂ ಮೋಡ ಬರತೈತಂತ."

ಹುಲಿಗೆವ್ವ ನಕ್ಕಳು. ಅವಳ ಬಾಯಲ್ಲಿ ಹಲ್ಲು ಇರಲಿಲ್ಲ, ನಗು ಗಾಳಿಯ ಹಾಗೆ ಬಂತು.

"ನಾ ನಿಮ್ಮವ್ವ ಹುಟ್ಟೂಕಿಂತ ಮೊದಲಿಂದ ಚಲೋನ ದುಡದೇನಲ್ಲ ಯವ್ವಾ," ಎಂದಳು. "ನನ್ನ ಮೋಡ ಎಲ್ಲಿ ದಾರಿ ತಪ್ಪಿಸಿಕೊಂಡೈತಿ? ನಿನಗೇನರ ಕಂಡ್ರ ಹೇಳು, ಹುಲಿಗೆವ್ವ ಇಲ್ಲೇ ಅದಾಳ ಅಂತ."

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ನನ್ನನ್ನು ಅಣಕಿಸುವ ನಗುವಲ್ಲ ಅದು. ನನ್ನನ್ನೂ ಒಳಗೆ ಕರೆಯುವ ನಗು. ನನಗೂ ನಗು ಬಂತು, ಬಂದದ್ದೇ ತಡ ಅಳು ಬಂತು, ಕಾಲು ತಾನಾಗಿ ಬದುವಿನಿಂದ ಕೆಳಗಿಳಿಯಿತು. ಪಾತಿಯ ನಡುವಿಗೆ ನಡೆದು ಹೋಗಿ ನಿಂತೆ. ಉಪ್ಪು ಅಂಗಾಲಿಗೆ ಚುಚ್ಚಿತು. ನನ್ನ ಸುತ್ತ ಜಮಖಾನೆಯಷ್ಟು ನೀಲಿ ಹರಡಿತು.

"ತಾಯಿ, ಉಪ್ಪು ಕೆಡತೈತ್ರಿ" ಎಂದ ದುಂಡಪ್ಪ.

"ಕೆಡಲಿ."

"ತಾಯಿ, ಮ್ಯಾಲ ಬರ್ರಿ. ಸಾಹೇಬ್ರು ನನ್ನ ಕೇಳತಾರ." ಅವನು ಬದುವಿನ ಉದ್ದಕ್ಕೂ ಓಡಾಡಿದ. ಪಾತಿಗೆ ಇಳಿದರೆ ಅವನ ಮೋಡದಿಂದ ಇನ್ನಷ್ಟು ಕೆಡುತ್ತಿತ್ತು. ಇಳಿದಿದ್ದರೂ ಅವನು ನನ್ನನ್ನು ಮುಟ್ಟುವಂತಿರಲಿಲ್ಲ. ಮೋಡ ಇದ್ದವರ ಮೈಗೆ ಕೈ ಹಚ್ಚುವುದು ನಮ್ಮೂರಲ್ಲಿ ಆಗದ ಮಾತು. ಬೇರೆ ಯಾವಳೇ ಆಗಿದ್ದರೂ ರಟ್ಟೆ ಹಿಡಿದು ಎಳೆದು ಹಾಕುತ್ತಿದ್ದರು. ಅದು ನನಗೆ ಆಗಲೇ ಹೊಳೆಯಿತು, ಅಕ್ಕನಿಗೂ ಆಗಲೇ ಹೊಳೆದಿರಬೇಕು. ಅವಳು ಹಲಗೆಯನ್ನು ಬದುವಿಗೆ ಒರಗಿಸಿ ನನ್ನ ಹತ್ತಿರ ಬಂದಳು. ನೆರಳಿನ ಅಂಚಿನ ಹೊರಗೇ ನಿಂತಳು.

"ನಿಂದರತಿ?"

"ನಿಂದರತೇನಿ."

"ಹಂಗಾದ್ರ ನಿಂದರು. ಆದ್ರ ನೀ ಏನೂ ಕೇಳಬ್ಯಾಡ. ಬಾಯಿ ತೆರೀಬ್ಯಾಡ. ಕೇಳೂದು ನಮ್ಮದು."

ಹೆಂಗಸರು ಒಬ್ಬೊಬ್ಬರಾಗಿ ಹಲಗೆ ಕೆಳಗಿಟ್ಟರು. ಅಂದು ನಾನು ನಿಂತ ಪಾತಿ ಸಂಜೆಯ ಹೊತ್ತಿಗೆ ಮಂಕಾಯಿತು. ಮರುದಿನ ಬೇರೆ ಪಾತಿಯಲ್ಲಿ ನಿಂತೆ. ಆಮೇಲೆ ನಿಲ್ಲಲಿಲ್ಲ, ನಡೆದೆ. ಒಂದು ಪಾತಿಯಿಂದ ಇನ್ನೊಂದಕ್ಕೆ, ಎಳೆ ಮೋಡವನ್ನು ತಲೆಯ ಮೇಲೆ ಹೊತ್ತುಕೊಂಡು, ಕನಸಿನಲ್ಲಿ ನಡೆಯುವವಳ ಹಾಗೆ ಮೆಲ್ಲಗೆ. ನಾನು ಹೋದಲ್ಲೆಲ್ಲ ಉಪ್ಪಿನ ಚಿಟಿಚಿಟಿ ಸದ್ದು ನಿಲ್ಲುತ್ತಿತ್ತು. ಬಿಳಿ ನೆಲ ನನ್ನ ಹಿಂದೆ ಬೂದು ಬಣ್ಣದ ಪಟ್ಟಿಯಾಗಿ ಮಲಗುತ್ತಿತ್ತು. ಹೆಂಗಸರು ಬದುವಿನ ಮೇಲೆ ಬಿಸಿಲಲ್ಲೇ ಸಾಲಾಗಿ ಕೂತು ನೋಡುತ್ತಿದ್ದರು. ಯಾರೂ ನನ್ನ ನೆರಳಿಗೆ ಬರಲಿಲ್ಲ. ಮಾಳಿಗೆಯ ಮೇಲೆ ಸುಶೀಲಾಬಾಯಿ ನಿಂತು ನೋಡುತ್ತಿದ್ದುದು ದೂರದಿಂದ ಕಾಣುತ್ತಿತ್ತು. ಆ ದಿನಗಳಲ್ಲಿ ಪಾತಿಯಿಂದ ಹಾಡು ಕೇಳಲಿಲ್ಲ.

ಕೊನೆಗೆ ಅಪ್ಪಾಸಾಹೇಬರೇ ಬಂದರು. ಬದುವಿನ ಮೇಲೆ ನಿಂತು, "ಗೌರಿ, ಇದೇನು ಹುಚ್ಚು? ನಿನಗೇನು ಕಡಿಮಿ ಮಾಡೇವಿ?" ಎಂದು ನನ್ನನ್ನು ಕೇಳಿದರು.

ಅಕ್ಕ ಬದುವಿನಿಂದ ಎದ್ದು ಅವರ ಎದುರಿಗೆ ಬಂದಳು. "ನಡು ಮಧ್ಯಾಹ್ನ ಕೆಲಸ ಬಿಡಿಸಬೇಕ್ರಿ. ಎಲ್ಲಾ ಬದುವಿನ ಮ್ಯಾಲೂ ಚಪ್ಪರ ಬೇಕ್ರಿ" ಎಂದಳು.

ಅಪ್ಪಾಸಾಹೇಬರು ನನ್ನನ್ನೇ ನೋಡುತ್ತಿದ್ದರು. "ಏನಂತಾಳ ಆಕಿ, ಗೌರಿ?"

ನಾನು ಬಾಯಿ ತೆರೆಯಲಿಲ್ಲ. ಅಕ್ಕನ ಮಾತು ಎಷ್ಟು ಸ್ಪಷ್ಟವಾಗಿತ್ತೆಂದರೆ ಹಿನ್ನೀರಿನ ಆಚೆಯ ಗುಡ್ಡಕ್ಕೂ ಕೇಳಿರಬೇಕು. ಅವರು ದುಂಡಪ್ಪನ ಕಡೆ ತಿರುಗಿದರು. ದುಂಡಪ್ಪ ಬಾಯಿ ತೆರೆಯುವಷ್ಟರಲ್ಲಿ ಹೆಂಗಸರೆಲ್ಲ ಅವನ ಮುಖವನ್ನೇ ನೋಡಿದರು. ಏನು ಕಂಡನೋ, ಅವನೂ ಬಾಯಿ ಮುಚ್ಚಿ ತನ್ನ ಚಪ್ಪಲಿ ನೋಡಿಕೊಂಡ. ನಾನು ಒಂದು ಹೆಜ್ಜೆ ಮುಂದಿಟ್ಟು ಇನ್ನೊಂದು ಪಾತಿಗೆ ಕಾಲು ಹಾಕಿದೆ. ಅಲ್ಲಿ ಉಪ್ಪು ಅಂದೇ ಎಳೆಯಲು ಬಂದಿತ್ತು, ಸಕ್ಕರೆಯ ಹಾಗೆ ಹೊಳೆಯುತ್ತಿತ್ತು. ನೀಲಿ ಅದರ ಮೇಲೆ ಹರಡಿತು.

ಆಗ ಅಪ್ಪಾಸಾಹೇಬರು ತಿರುಗಿ ಅಕ್ಕನನ್ನು ನೋಡಿದರು. ಅವರು ನಮ್ಮಲ್ಲಿ ಒಬ್ಬರ ಮುಖವನ್ನು ನೇರವಾಗಿ ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಕಗ್ಗತ್ತಲೆಯಲ್ಲಿ ಬಾಗಿಲು ತಡವುವವರ ಹಾಗೆ ಅವರು ತಡವರಿಸಿದರು.

"ನಿನ್ನ... ನಿಮ್ಮ ಹೆಸರೇನು?"

"ಸಾಂವಕ್ಕರಿ. ನಮ್ಮವ್ವನೂ ನಿಮ್ಮ ಪಾತ್ಯಾಗ ದುಡದಾಕಿನ."

"ಚಪ್ಪರದ ನೆರಳು ಪಾತಿಗೆ ಬಿದ್ರ ಉಪ್ಪು ಕೆಡತದಲ್ಲ, ಸಾಂವಕ್ಕ?"

"ಬದುಗಳ ಬಡಗಲ ತುದಿಗೆ ಹಾಕ್ರಿ. ಆ ಬದಿಗೆ ಪಾತಿ ಇಲ್ಲ, ಬಯಲೈತಿ. ನೆರಳು ಬೇಕಾದಷ್ಟು ಬೀಳಲಿ." ಅಕ್ಕ ತುಸು ನಿಂತು ಸೇರಿಸಿದಳು, "ಮತ್ತ ನಮಗ ಹೆಸರದಾವ್ರಿ. 'ಏ' ಅಂದ್ರ ಇನ್ನ ಯಾರೂ ತಲಿ ಎತ್ತೂದಿಲ್ಲ."

ಅಪ್ಪಾಸಾಹೇಬರು ಆಗಲಿ ಎಂದು ಒಮ್ಮೆಗೇ ಅನ್ನಲಿಲ್ಲ. ಯೋಚಿಸಿ ಹೇಳುತ್ತೇನೆಂದು ಹೋದರು. ನಾನು ಮತ್ತೂ ನಡೆದೆ. ಮೇಲಿನ ಓಣಿಯ ಹಿರಿಯರು ಕೂಡಿ ಮಾತಾಡಿದರು. ಬಿಸಿಲಿನವರಿಗೆ ನೆರಳು ಕೊಟ್ಟರೆ ನಾಳೆ ಅವರು ಏನು ಕೇಳುತ್ತಾರೋ ಎಂದು ಕೆಲವರು ಹೆದರಿದರು. ಸುಶೀಲಾಬಾಯಿ ಏನು ಅಂದರೋ, ಅಂದರೋ ಇಲ್ಲವೋ, ನನಗೆ ತಿಳಿಯದು. ಆದರೆ ಬಿದಿರಿನ ಗಳ, ಚಾಪೆ ಹೇರಿಕೊಂಡ ಚಕ್ಕಡಿಗಳು ಒಂದು ಮುಂಜಾನೆ ಪಾತಿಯ ಕಡೆ ಬಂದವು. ಎಲ್ಲ ಬದುಗಳಿಗೂ ಅಲ್ಲ, ಅರ್ಧಕ್ಕೆ. ನಡುಹಗಲಿನ ಬಿಡುವಿಗೆ ಒಪ್ಪಿದರು, ಉಳಿದರ್ಧ ಚಪ್ಪರವನ್ನು ಮುಂದಿನ ಬೇಸಿಗೆಗೆ ನೋಡೋಣ ಎಂದರು. ಅಕ್ಕ ಒಪ್ಪಲಿಲ್ಲ, ಬಿಡಲೂ ಇಲ್ಲ. ಆ ಜಗ್ಗಾಟ ಈಗಲೂ ನಡೆಯುತ್ತಿದೆ.

ಮೇಲಿನ ಓಣಿಯ ಬಾಗಿಲು ನನಗೆ ಮುಚ್ಚಿತು. ಯಾರೂ ಬಯ್ಯಲಿಲ್ಲ. ಗೌರಿ ಎಂದು ಕರೆಯುವವರು ಇಲ್ಲವಾದರು, ಅಷ್ಟೇ. ಮೋಡ ಮಾತ್ರ ನನ್ನನ್ನು ಬಿಡಲಿಲ್ಲ. ಪಾತಿಯಲ್ಲಿ ಉಪ್ಪು ಎಳೆಯುವ ಹಾಗಿಲ್ಲವಾದ್ದರಿಂದ ನಾನು ಉಪ್ಪಿನ ಚೀಲ ಹೊಲಿಯುವ ಕೆಲಸ ಹಿಡಿದೆ. ಊರ ಮಂದಿ ನನ್ನನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ನನಗೆ ದಾರಿ ಬಿಡುತ್ತಾರೆ, ಒಮ್ಮೆ ಮೈಗೆ ಮೈ ತಾಗಿಸಿಕೊಂಡೇ ಹೋಗುತ್ತಾರೆ. ಎರಡನೆಯದು ನನಗೆ ಹೆಚ್ಚು ಸೇರುತ್ತದೆ.

ಚಪ್ಪರ ಎದ್ದ ಮೊದಲ ನಡುಹಗಲು ನಾನೂ ಅಲ್ಲಿದ್ದೆ. ಕೆಲಸ ಬಿಡುವ ಹೊತ್ತಾಯಿತೆಂದು ಅಕ್ಕ ಕೂಗಿದಳು. ಹೆಂಗಸರು ಬಂದು ಚಾಪೆಯ ನೆರಳಿನ ಅಂಚಿನಲ್ಲಿ ನಿಂತರು. ಯಾರೋ ಕರೆಯಲಿ ಎಂದು ಕಾದ ಹಾಗೆ ನಿಂತರು. ಕರೆಯಲು ಯಾರೂ ಇರಲಿಲ್ಲ. ಕೊನೆಗೆ ಒಬ್ಬಳು ಒಳಗೆ ಕಾಲಿಟ್ಟಳು, ಆಮೇಲೆ ಎಲ್ಲರೂ ಬಂದರು. ಬಂದವರಿಗೆ ಸುಮ್ಮನೆ ಕೂರುವುದು ಗೊತ್ತಿರಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಸೆರಗು ತಿರುವಿದರು, ಕಾಲಿನ ಉಪ್ಪು ಕೆರೆದರು. ನನ್ನ ಮೋಡ ಚಪ್ಪರದ ಮೇಲೆ ಕೆಲಸವಿಲ್ಲದೆ ನಿಂತಿತ್ತು. ನಾನು ಅಕ್ಕನ ಪಕ್ಕ ಕೂತೆ. ಅವಳ ಹೆಗಲು ನನ್ನ ಹೆಗಲಿಗೆ ತಾಗಿತು, ಅವಳು ಸರಿಯಲಿಲ್ಲ. ನಿಧಾನವಾಗಿ, ಒಬ್ಬೊಬ್ಬರದಾಗಿ, ಕಣ್ಣುಗಳು ತೆರೆದುಕೊಂಡವು. ಎಷ್ಟೋ ವರ್ಷ ಜೊತೆಗೆ ದುಡಿದವರ ಕಣ್ಣಿನ ಬಣ್ಣವನ್ನು ನಾವು ಆಗ ನೋಡಿಕೊಂಡೆವು. ಅಕ್ಕನವು ಜೇನಿನ ಬಣ್ಣದವು.

ಹುಲಿಗೆವ್ವ ಗಳಕ್ಕೆ ಒರಗಿ ಕೂತವಳು ಅಲ್ಲೇ ನಿದ್ದೆ ಹೋದಳು. ಬಾಯಿ ತೆರೆದು, ಮಗುವಿನಂತೆ, ಸಣ್ಣ ಗೊರಕೆ ಹೊಡೆಯುತ್ತ. ಹಗಲು ಹೊತ್ತಿನಲ್ಲಿ ಅವಳು ಮಲಗಿದ್ದನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಬಿಡುವಿನ ಹೊತ್ತು ಮುಗಿಯಿತು. ಯಾರೂ ಅವಳನ್ನು ಎಬ್ಬಿಸಲಿಲ್ಲ. ಆ ಕಡೆಯಿಂದ ದುಂಡಪ್ಪ ಬದುವಿನ ಮೇಲೆ ದಡದಡ ಬಂದ. ಕೂಗಲು ಎದೆ ತುಂಬ ಉಸಿರು ಎಳೆದುಕೊಂಡ. ಸಾಂವಕ್ಕ ಅವನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟಳು.

ದುಂಡಪ್ಪ ಎಳೆದುಕೊಂಡ ಉಸಿರನ್ನು ಮೆಲ್ಲಗೆ ಬಿಟ್ಟ. ಮಲಗಿದ್ದ ಮುದುಕಿಯನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತ. ಆಮೇಲೆ ಬಗ್ಗಿ, ಸದ್ದು ಮಾಡುತ್ತಿದ್ದ ಚಪ್ಪಲಿಗಳನ್ನು ಕಳಚಿ ಕೈಯಲ್ಲಿ ಹಿಡಿದುಕೊಂಡು, ಬಂದ ದಾರಿಯಲ್ಲೇ ತುದಿಗಾಲಲ್ಲಿ ನಡೆದು ಹೋದ.